ಎರಡು ತಿಂಗಳಿಗೆ ಹೊಂದುವ ಪ್ರಶ್ನೆಗಳು

ಮೇದೋಜ್ಜೀರಕ ಗ್ರಂಥಿಯೊಳಗಿನ ಪುಟ್ಟ ಕೋಶಗುಚ್ಛಗಳನ್ನು 1869ರಲ್ಲಿ ಮೊದಲು ವರ್ಣಿಸಿದ ಪೌಲ್ ಲಾಂಗರ್‌ಹಾನ್ಸ್ ಆಗಿನ್ನೂ ಬರ್ಲಿನ್‌ನಲ್ಲಿ ವೈದ್ಯಕೀಯ ಓದುತ್ತಿದ್ದ. 1916ರಲ್ಲಿ ಹೆಪಾರಿನ್‌ನ ಜಾಡು ಹಿಡಿದ ಜೇ ಮೆಕ್ಲೀನ್ ಕೂಡ ವಿದ್ಯಾರ್ಥಿಯೇ. ಅಂಥ ಹುಡುಗರು ನಮ್ಮ ಕಾಲೇಜುಗಳಲ್ಲೂ ಇರಬಹುದೆಂಬ ನಂಬಿಕೆಯಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1979ರಲ್ಲಿ ಅಲ್ಪಾವಧಿ ವಿದ್ಯಾರ್ಥಿವೇತನ ಆರಂಭಿಸಿತು. ವಿದ್ಯಾರ್ಥಿಗಳ ಬಾಯಲ್ಲಿ ಅದು ಬರೀ 'ಎಸ್‌ಟಿಎಸ್'.

ಎಂಬಿಬಿಎಸ್, ಬಿಡಿಎಸ್ ವಿದ್ಯಾರ್ಥಿ ಒಬ್ಬ ಗೈಡ್‌ನ ಕೈಕೆಳಗೆ ಎರಡು ತಿಂಗಳಲ್ಲಿ ಮುಗಿಯುವ ಅಧ್ಯಯನದ ಪ್ರಸ್ತಾವ ಕಳಿಸಬೇಕು. ಆಯ್ಕೆಯಾದರೆ ನೈತಿಕ ಸಮಿತಿಯ ಒಪ್ಪಿಗೆ, ಕೆಲಸ, ವರದಿ. ಹಿಂದೆ 20,000 ರೂಪಾಯಿ ಇದ್ದ ವೇತನ ಈಚಿನ ವರ್ಷಗಳಲ್ಲಿ 50,000 ಆಗಿದೆ. ಮೊತ್ತದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಅದು ಕೈಸೇರುವ ಹೊತ್ತಿನದು: ವರದಿ ಒಪ್ಪಿತವಾದ ಮೇಲಷ್ಟೇ ಹಣ. ಅಲ್ಲಿಯವರೆಗೆ ಓಡಾಟ, ಜೆರಾಕ್ಸ್, ರಜೆಯಲ್ಲಿ ಹಾಸ್ಟೆಲ್ ಊಟ, ಎಲ್ಲವೂ ಮನೆಯ ದುಡ್ಡಿನಲ್ಲೇ. ಅಪ್ಪನಿಗೆ ಫೋನ್ ಮಾಡಿ ಕೇಳಲಾಗದ ಹುಡುಗಿ ಅರ್ಜಿಯನ್ನೇ ಹಾಕುವುದಿಲ್ಲ. ಅವಳ ಲೆಕ್ಕ ಯಾವ ಕಡತದಲ್ಲೂ ಸಿಗುವುದಿಲ್ಲ.

ಇದಕ್ಕಿಂತ ಆಳದ ತೊಂದರೆ ಅವಧಿಯದು. ಮಂಗನ ಕಾಯಿಲೆಯನ್ನೇ ನೋಡಿ. ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಈ ಜ್ವರ ಹೆಚ್ಚಾಗಿ ಚಳಿಗಾಲದಿಂದ ಬೇಸಿಗೆಯವರೆಗೆ ಕಾಡುತ್ತದೆ. ಮಂಜೂರಾದ ಎರಡು ತಿಂಗಳು ಮಳೆಗಾಲಕ್ಕೆ ಬಿದ್ದರೆ ಶಿವಮೊಗ್ಗದ ವಿದ್ಯಾರ್ಥಿಗೆ ವಾರ್ಡಿನಲ್ಲಿ ರೋಗಿಯೇ ಇರುವುದಿಲ್ಲ. ರೋಗವನ್ನು ಹಿಂಬಾಲಿಸುವುದಕ್ಕೂ ಕಾಲ ಸಾಲದು. ಕಡೆಗೆ ಉಳಿಯುವುದು ಪ್ರಶ್ನಾವಳಿ. ಸಹಪಾಠಿಗಳ ನಿದ್ದೆ, ಮೊಬೈಲ್ ಚಟ, ಪರೀಕ್ಷೆಯ ಒತ್ತಡ! ನಮ್ಮ ವೈದ್ಯ ವಿದ್ಯಾರ್ಥಿಗಳಷ್ಟು ಸಮೀಕ್ಷೆಗೆ ಒಳಗಾದ ಜೀವಿಗಳು ಪ್ರಯೋಗಾಲಯದ ಇಲಿಗಳೊಳಗೂ ಇರಲಿಕ್ಕಿಲ್ಲ. ವಿದ್ಯಾರ್ಥಿಯನ್ನು ದೂರಿ ಫಲವಿಲ್ಲ, ಅವಧಿಗೆ ತಕ್ಕ ಪ್ರಶ್ನೆಯನ್ನೇ ಅವನು ಹುಡುಕಿಕೊಂಡಿದ್ದಾನೆ.

ಗೈಡ್ ಸಿಗುವುದಂತೂ ಅದೃಷ್ಟದ ಮಾತು. 2005ರಿಂದ 2014ರವರೆಗೆ ಭಾರತದ 579 ವೈದ್ಯಕೀಯ ಸಂಸ್ಥೆಗಳ ಪ್ರಕಟಣೆಗಳನ್ನು ಲೆಕ್ಕಹಾಕಿದ ಒಂದು ಅಧ್ಯಯನದಲ್ಲಿ 332 ಸಂಸ್ಥೆಗಳಿಂದ ಒಂದೇ ಒಂದು ಪ್ರಬಂಧವೂ ಬಂದಿರಲಿಲ್ಲ. ಖಾಸಗಿ ಕಾಲೇಜುಗಳು ತುಂಬಿರುವ ಕರ್ನಾಟಕದ ಸ್ಥಿತಿಯೂ ಅದರಲ್ಲಿ ಹೆಮ್ಮೆಪಡುವಂತಿರಲಿಲ್ಲ. ತಾನೇ ಸಂಶೋಧನೆ ಮಾಡದ ಅಧ್ಯಾಪಕ ವಿದ್ಯಾರ್ಥಿಗೆ ಹೇಳಿಕೊಡುವುದಾದರೂ ಏನನ್ನು? ಸಹಿ ಹಾಕಿಕೊಡುತ್ತಾನೆ, ಅಷ್ಟೇ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ 'ಟಿ35' ಅನುದಾನ ಬೇರೆ ದಾರಿ ಹಿಡಿದಿದೆ. ಹಣ ಸಂಸ್ಥೆಗೆ ಹೋಗುತ್ತದೆ. ಮಾರ್ಗದರ್ಶಕರು ಯಾರು, ಕಲಿಸುವುದೇನು ಎಂಬುದನ್ನು ಸಂಸ್ಥೆ ಮೊದಲೇ ತೋರಿಸಬೇಕು, ವಿದ್ಯಾರ್ಥಿಯ ಆಯ್ಕೆ ಆಮೇಲೆ. ಅಲ್ಲಿ ಮೊದಲ ವರ್ಷದ ನಂತರ ಉದ್ದನೆಯ ಬೇಸಿಗೆ ರಜೆಯೂ ಇದೆ ಎನ್ನಿ. ನಮ್ಮ ಹುಡುಗರು ತರಗತಿ, ಪೋಸ್ಟಿಂಗ್, ಇಂಟರ್ನಲ್ಸ್ ನಡುವೆಯೇ ಎರಡು ತಿಂಗಳನ್ನು ಹಿಂಡಿ ತೆಗೆಯಬೇಕು.

ಇಷ್ಟಾದರೂ ಎಸ್‌ಟಿಎಸ್ ಒಳ್ಳೆಯ ಯೋಜನೆಯೇ. ಪ್ರಸ್ತಾವ ಬರೆಯುವುದು, ನೈತಿಕ ಸಮಿತಿಯ ಪ್ರಶ್ನೆಗಳಿಗೆ ಉತ್ತರಿಸುವುದು, ಅಂಕಿಅಂಶಗಳ ಮುಂದೆ ತಲೆ ಕೆರೆದುಕೊಳ್ಳುವುದು, ಇವನ್ನು ಪಠ್ಯಕ್ರಮ ಇಷ್ಟು ಗಟ್ಟಿಯಾಗಿ ಕಲಿಸುವುದಿಲ್ಲ. ಆದರೆ ರೋಗಿಯ ಪಕ್ಕದಲ್ಲೇ ಇರುವ ನರ್ಸಿಂಗ್, ಫಿಸಿಯೋಥೆರಪಿ ವಿದ್ಯಾರ್ಥಿಗಳನ್ನು ಹೊರಗಿಟ್ಟಿರುವುದಕ್ಕೆ ನನಗೆ ಸಮರ್ಥನೆ ತೋಚುತ್ತಿಲ್ಲ. ಅವರಿಗೂ ಬಾಗಿಲು ತೆರೆಯಲಿ. ಎರಡು ತಿಂಗಳು ಯಾವುವೆಂದು ವಿದ್ಯಾರ್ಥಿಯೇ ಆರಿಸಿಕೊಳ್ಳುವಂತಾಗಲಿ. ಎಲ್ಲಕ್ಕಿಂತ ಮೊದಲು, ಅರ್ಧ ಹಣವನ್ನಾದರೂ ಪ್ರಸ್ತಾವ ಮಂಜೂರಾದ ದಿನವೇ ಐಸಿಎಂಆರ್ ಕೊಟ್ಟುಬಿಡಲಿ.