‘ತಲ್ವಾರ್’ ಚಿತ್ರ ಮತ್ತು ಬೀಗ ಹಾಕಿದ ತಾರಸಿ ಬಾಗಿಲು

ಪತ್ತೇದಾರಿ ಕಥೆಗಳ ರುಚಿ ಹತ್ತಿದವರಿಗೆ ಒಂದು ದೌರ್ಬಲ್ಯವುಂಟು. ಕೊಲೆಯಾದ ಕೋಣೆಯಲ್ಲಿ ಪತ್ತೇದಾರನು ಬಗ್ಗಿ ಒಂದು ಕೂದಲೆಳೆಯನ್ನೋ ಚಿಟಿಕೆ ಬೂದಿಯನ್ನೋ ಎತ್ತಿಕೊಂಡನೆಂದರೆ, ಅವನು ಅದರಿಂದ ಏನು ಕಂಡುಹಿಡಿಯುವನೋ ಎಂದು ಉಸಿರು ಬಿಗಿಹಿಡಿದು ಕಾಯುತ್ತೇವೆ. ಎತ್ತಿಕೊಂಡದ್ದನ್ನು ಯಾವುದರಲ್ಲಿ ಕಟ್ಟಿದ, ಎಲ್ಲಿಟ್ಟ, ಯಾರ ಕೈಗೆ ಕೊಟ್ಟ ಎಂದು ಕೇಳುವುದಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ರಾತ್ರಿಯೆಲ್ಲ ಓದಿದ ನಾವು ಯಾರೂ ಇದನ್ನು ಕೇಳಿದವರಲ್ಲ. ವಿಶಾಲ್ ಭಾರದ್ವಾಜ್ ಬರೆದು ಮೇಘನಾ ಗುಲ್ಜಾರ್ ನಿರ್ದೇಶಿಸಿದ ‘ತಲ್ವಾರ್’ (2015) ಎಂಬ ಹಿಂದಿ ಚಿತ್ರ ಈ ಪ್ರಶ್ನೆಯನ್ನು ಎತ್ತಿಕೊಂಡಿತು. ಕೊನೆಯವರೆಗೂ ಅದನ್ನು ಹಿಡಿದುಕೊಂಡಿತೇ ಎಂಬುದು ಇಲ್ಲಿ ನಮ್ಮ ವಿಚಾರ.

2008ರ ಮೇ ತಿಂಗಳಲ್ಲಿ ದೆಹಲಿಯ ಮಗ್ಗುಲಿನ ನೋಯ್ಡಾದಲ್ಲಿ ನಡೆದ ಜೋಡಿ ಕೊಲೆಯೇ ಚಿತ್ರದ ಆಧಾರ. ಹೆಸರುಗಳನ್ನು ಬದಲಾಯಿಸಿದ್ದಾರೆ, ಅಷ್ಟೆ. ಮನೆಯ ಹುಡುಗಿ ತನ್ನ ಕೋಣೆಯಲ್ಲಿ ಸತ್ತು ಬಿದ್ದಿದ್ದಾಳೆ, ಮನೆಗೆಲಸದವನು ಕಾಣೆಯಾಗಿದ್ದಾನೆ. ಕೊಂದವನು ಅವನೇ ಎಂದು ಪೊಲೀಸರು ತೀರ್ಮಾನಿಸಿಬಿಡುತ್ತಾರೆ. ನೆಂಟರು, ನೆರೆಯವರು, ಪತ್ರಿಕೆಯವರು ಎಲ್ಲರೂ ಸಾವಿನ ಮನೆಗೆ ಬರುವಂತೆ ಬಂದು ಹೋಗುತ್ತಾರೆ. ತಾರಸಿಯ ಬಾಗಿಲಿಗೆ ಬೀಗ; ಕೀಲಿಕೈ ಸಿಗಲಿಲ್ಲವೆಂದು ಅಂದು ಅದನ್ನು ಒಡೆಯುವುದಿಲ್ಲ. ಮರುದಿನ ಒಡೆದಾಗ ಕೆಲಸದವನ ಹೆಣ ಅಲ್ಲೇ ಬಿದ್ದಿತ್ತು. ಇದು ಸಿನಿಮಾದವರ ಕಲ್ಪನೆಯಲ್ಲ, ನಡೆದದ್ದೇ ಹೀಗೆ. ಮೇ ತಿಂಗಳ ಉತ್ತರ ಹಿಂದೂಸ್ತಾನದ ಬಿಸಿಲಿನಲ್ಲಿ ಒಂದು ಇಡೀ ದಿನ ಕಳೆದ ಮೇಲೆ ಆ ತಾರಸಿಯಿಂದ ಎಷ್ಟು ಸಾಕ್ಷ್ಯ ಹೋಯಿತೆಂದು ಯಾರೂ ಲೆಕ್ಕ ಹೇಳಲಾರರು.

ಚಿತ್ರದ ಈ ಮೊದಲ ಭಾಗವನ್ನು ನಾವು ಮನಸಾರೆ ಮೆಚ್ಚಿದೆವು. ಕೊಲೆಯಾದ ಸ್ಥಳದಲ್ಲಿ ಮೊದಲ ಕೆಲಸ ಏನನ್ನೂ ಮುಟ್ಟದಿರುವುದು. ಹಗ್ಗ ಕಟ್ಟಿ ಜನರನ್ನು ಹೊರಗೆ ನಿಲ್ಲಿಸಬೇಕು, ಇದ್ದದ್ದನ್ನು ಇದ್ದಂತೆಯೇ ಛಾಯಾಚಿತ್ರ ತೆಗೆಯಬೇಕು, ನಕ್ಷೆ ಬರೆದು ಅಳತೆ ಹಾಕಬೇಕು, ಆಮೇಲೆ ಎತ್ತಬೇಕು. ಹಸಿ ರಕ್ತ ಮೆತ್ತಿದ ಬಟ್ಟೆಯನ್ನು ನೆರಳಲ್ಲಿ ಆರಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟಬೇಕು. ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ತೇವ ಒಳಗೇ ಉಳಿದು, ಬೂಷ್ಟು ಬಂದು ರಕ್ತ ಪರೀಕ್ಷೆಗೆ ಒದಗದಂತೆ ಕೆಡುತ್ತದೆ. (ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮರೆತಿಟ್ಟ ಯಾವ ಗೃಹಿಣಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.) ಒಂದೊಂದು ವಸ್ತುವಿಗೂ ಬೇರೆ ಪೊಟ್ಟಣ, ಅದರ ಮೇಲೆ ಚೀಟಿ, ಅರಗಿನ ಮೊಹರು, ಪಂಚರ ಸಹಿ. ಊರಿನ ಕಡೆ ಮಹಜರು ಎನ್ನುವುದನ್ನೇ ಮುಂಬಯಿ, ಪುಣೆಯವರು ಪಂಚನಾಮೆಯೆಂದು ಬಲ್ಲರು. ಅಲ್ಲಿಂದ ಪ್ರಯೋಗಾಲಯದವರೆಗೆ ಆ ಪೊಟ್ಟಣ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದಕ್ಕೆಲ್ಲ ದಾಖಲೆ ಇರಬೇಕು. ಒಂದು ಕೊಂಡಿ ತಪ್ಪಿದರೂ ನ್ಯಾಯಾಲಯದಲ್ಲಿ ವಕೀಲರು ಅದನ್ನು ಬಿಡುವುದಿಲ್ಲ, ಬಿಡಲೂಬಾರದು.

ಇದೇನೂ ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಆಸ್ಟ್ರಿಯದ ತನಿಖಾ ನ್ಯಾಯಾಧೀಶ ಹಾನ್ಸ್ ಗ್ರೋಸ್ 1893ರಲ್ಲಿಯೇ ಇದರ ಬಗ್ಗೆ ದೊಡ್ಡ ಕೈಪಿಡಿಯನ್ನು ಬರೆದ. ಮದರಾಸಿನ ಓದುಗರಿಗೆ ಸಂತೋಷವಾಗಬಹುದಾದ ಸಂಗತಿಯೆಂದರೆ, ಅದರ ಇಂಗ್ಲಿಷ್ ಅನುವಾದ 1906ರಲ್ಲಿ ಹೊರಬಂದದ್ದು ಅವರ ಊರಿನಿಂದಲೇ. ಅಲ್ಲಿನ ವಕೀಲರು ಅದನ್ನು ಹಿಂದೂಸ್ತಾನದ ಪದ್ಧತಿಗೆ ಹೊಂದಿಸಿ ಅನುವಾದಿಸಿದ್ದರು. ನೂರು ವರ್ಷ ಕೈಯಲ್ಲಿದ್ದ ಪಾಠ ನೋಯ್ಡಾದ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಪತ್ತೇದಾರರ ಪಿತಾಮಹನೆನಿಸಿದ ಷರ್ಲಾಕ್ ಹೋಮ್ಸ್ ಈ ವಿಷಯದಲ್ಲಿ ಹೇಗೆ? ‘ಎ ಸ್ಟಡಿ ಇನ್ ಸ್ಕಾರ್ಲೆಟ್’ (1887) ಕಾದಂಬರಿಯಲ್ಲಿ ಪೊಲೀಸರು ಕಾಲುದಾರಿಯನ್ನೆಲ್ಲ ತುಳಿದು ಹಾಳುಮಾಡಿದ್ದಕ್ಕೆ ಅವನು ಸಿಡಿಮಿಡಿಗೊಳ್ಳುತ್ತಾನೆ. ಟೇಪು, ಭೂತಕನ್ನಡಿ ಹಿಡಿದು ನೆಲದ ಮೇಲಿನ ಬೂದಿಯನ್ನು ಲಕೋಟೆಗೆ ಹಾಕುತ್ತಾನೆ. ತಿರುಚಿನಾಪಳ್ಳಿ ಚುಟ್ಟದ ಬೂದಿಯೆಂದು ಗುರುತಿಸುತ್ತಾನೆ. ಆದರೆ ಆ ಲಕೋಟೆಯನ್ನು ಯಾವ ವಕೀಲನೂ ಪ್ರಶ್ನಿಸುವ ಹೊತ್ತು ಬರುವುದಿಲ್ಲ. ಕೊಲೆಗಾರ ವಿಚಾರಣೆಗೆ ಮುಂಚೆಯೇ ಎದೆಯ ರಕ್ತನಾಳ ಒಡೆದು ಸಾಯುತ್ತಾನೆ! ಲೇಖಕ ಕಾನನ್ ಡಾಯ್ಲ್ ತನ್ನ ನಾಯಕನನ್ನು ಪಾಟೀಸವಾಲಿನಿಂದ ಜಾಣತನದಿಂದ ಪಾರುಮಾಡಿದ್ದಾನೆ. 1903ರ ‘ನಾರ್ವುಡ್ ಬಿಲ್ಡರ್’ ಕಥೆ ಇದಕ್ಕಿಂತ ಮೇಲು. ಅಲ್ಲಿ ಗೋಡೆಯ ಮೇಲೆ ಆರೋಪಿಯ ರಕ್ತದ ಹೆಬ್ಬೆರಳ ಗುರುತು ಸಿಗುತ್ತದೆ, ಪೊಲೀಸರು ಹಿಗ್ಗುತ್ತಾರೆ. ಹಿಂದಿನ ದಿನ ಅದೇ ಗೋಡೆಯನ್ನು ಪರೀಕ್ಷಿಸಿದ್ದ ಹೋಮ್ಸನಿಗೆ ಮಾತ್ರ ಆ ಗುರುತು ನಿನ್ನೆ ಇರಲಿಲ್ಲವೆಂದು ಗೊತ್ತು. ಅರಗಿನ ಮುದ್ರೆಯ ಮೇಲೆ ಬಿದ್ದಿದ್ದ ಬೆರಳಚ್ಚಿನಿಂದ ಅಚ್ಚು ತೆಗೆದು ಒತ್ತಿದ ಮೋಸ ಅದು. ನಿರಪರಾಧಿಯ ಕೊರಳು ಉಳಿದದ್ದು ಮೊದಲ ದಿನದ ತಪಾಸಣೆಯಿಂದ.

‘ತಲ್ವಾರ್’ಗೆ ಮರಳೋಣ. ನಮ್ಮ ಮೊದಲ ಆಕ್ಷೇಪ ಇನ್‌ಸ್ಪೆಕ್ಟರನ ಪಾತ್ರದ ಬಗ್ಗೆ. ಗಜರಾಜ್ ರಾವ್ ಅದನ್ನು ಬಲು ಸೊಗಸಾಗಿ ಅಭಿನಯಿಸಿದ್ದಾರೆ, ಚಿತ್ರಮಂದಿರ ನಗುತ್ತದೆ. ನಗುವುದರಲ್ಲಿಯೇ ತೊಡಕು. ತಪ್ಪೆಲ್ಲ ಒಬ್ಬ ಒರಟು, ಅರೆಓದಿನ ಅಧಿಕಾರಿಯದೆಂದು ನಾವು ಸಮಾಧಾನದಿಂದ ಮನೆಗೆ ಹೋಗುತ್ತೇವೆ. ಆ ಠಾಣೆಗೆ ತರಬೇತಿ ಪಡೆದ ಛಾಯಾಗ್ರಾಹಕ ಇದ್ದನೇ, ಕೈಗವಸು ಇತ್ತೇ, ಪ್ರಯೋಗಾಲಯದವರು ಎಷ್ಟು ಹೊತ್ತಿಗೆ ಬರಬಲ್ಲರು ಎಂಬುದು ಚಿತ್ರದ ಕಾಳಜಿಯಲ್ಲ. ಕಚ್ಚೆ ಕಟ್ಟಿ ದುಡಿಯುವ ಇನ್‌ಸ್ಪೆಕ್ಟರನಾದರೂ ಬರಿಗೈಯಲ್ಲಿ ಏನು ಮಾಡಬಲ್ಲ?

ಎರಡನೆಯ ಆಕ್ಷೇಪ ದೊಡ್ಡದು. ಮೂಲ ಪ್ರಕರಣದಲ್ಲಿ ಒಂದು ದಿಂಬಿನ ಗವುಸು ಬರುತ್ತದೆ. ಬೇರೊಬ್ಬ ಕೆಲಸದವನ ಬಿಡಾರದಿಂದ ತಂದ ಗವುಸಿನ ಮೇಲೆ ಸತ್ತ ಸೇವಕನ ರಕ್ತದ ಗುರುತು ಇದೆಯೆಂದು ಹೈದರಾಬಾದಿನ ಡಿ.ಎನ್.ಎ. ಪ್ರಯೋಗಾಲಯದ 2008ರ ವರದಿ ಸೂಚಿಸಿತ್ತು; ವಸ್ತುಗಳ ವಿವರ ಅದಲುಬದಲಾದದ್ದು ಬೆರಳಚ್ಚು ಯಂತ್ರದ ತಪ್ಪಿನಂಥದೆಂದು 2011ರಲ್ಲಿ ಸ್ಪಷ್ಟನೆ ಬಂತು. ಎರಡು ಚೀಟಿಗಳು ಅದಲುಬದಲಾದದ್ದರಿಂದ ಇಡೀ ತನಿಖೆಯ ದಿಕ್ಕು ತಿರುಗುವುದಾದರೆ ಚಿತ್ರಕ್ಕೆ ಇದಕ್ಕಿಂತ ಬೇರೆ ನಾಟಕ ಬೇಕೇ? ಚಿತ್ರ ಇದನ್ನು ಮುಟ್ಟುತ್ತದೆ, ಆದರೆ ಪ್ರೇಕ್ಷಕನ ಮನಸ್ಸನ್ನು ಒಲಿಸಿಕೊಳ್ಳಲು ನೆಚ್ಚಿಕೊಳ್ಳುವುದು ಇನ್ನೊಂದನ್ನು: ಮಂಪರು ಪರೀಕ್ಷೆಯನ್ನು. ಔಷಧಿ ಚುಚ್ಚಿಸಿಕೊಂಡವನು ತೊದಲುತ್ತ ಎಲ್ಲವನ್ನೂ ಹೇಳುವ ದೃಶ್ಯವೇ ನಮ್ಮನ್ನು ನಂಬಿಸಿಬಿಡುತ್ತದೆ. 2008ರ ಹೊತ್ತಿಗೆ ನಮ್ಮ ಬೆಂಗಳೂರಿನ ಪ್ರಯೋಗಾಲಯ ಈ ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿತ್ತು. ವ್ಯಕ್ತಿಯ ಒಪ್ಪಿಗೆಯಿಲ್ಲದೆ ಈ ಪರೀಕ್ಷೆ ಸಲ್ಲದೆಂದೂ, ಒಪ್ಪಿ ಮಾಡಿಸಿಕೊಂಡರೂ ಆ ಮಾತು ತಾನಾಗಿಯೇ ಸಾಕ್ಷ್ಯವಾಗದೆಂದೂ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ, ಕರ್ನಾಟಕ ರಾಜ್ಯವೇ ಪ್ರತಿವಾದಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ, ತೀರ್ಪು ಕೊಟ್ಟಿತು. ಐದು ವರ್ಷದ ನಂತರ ಬಂದ ಚಿತ್ರ ಈ ತೀರ್ಪಿನ ತೂಕವನ್ನು ತನ್ನ ಮೇಲೆ ಹಾಕಿಕೊಳ್ಳಬೇಕಿತ್ತು. ಸಾಕ್ಷ್ಯ ಕೆಡಿಸಿದ ಪೊಲೀಸರನ್ನು ಹಂಗಿಸಿ, ಆಮೇಲೆ ಅಮಲಿನ ಮಾತಿನ ಮೇಲೆ ನಮ್ಮಿಂದ ತೀರ್ಪು ಬರೆಸಿಕೊಳ್ಳುವುದು ಯಾವ ನ್ಯಾಯ? ಬಡ ಕೆಲಸದಾಳುಗಳ ಮೇಲೆ ಸಂಶಯ ಹೊರಿಸುವಾಗಲಂತೂ ಇನ್ನಷ್ಟು ಎಚ್ಚರ ಬೇಕಾಗಿತ್ತು. ಇರ್ಫಾನ್ ಖಾನರ ನಟನೆ ಎಷ್ಟು ಸಹಜವಾಗಿದೆಯೆಂದರೆ ಈ ಪ್ರಶ್ನೆ ನೋಡುವಾಗ ಏಳುವುದೇ ಇಲ್ಲ. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಏಳುತ್ತದೆ.

2013ರಲ್ಲಿ ಕೆಳ ನ್ಯಾಯಾಲಯ ತಂದೆತಾಯಿಗಳಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2017ರ ಅಕ್ಟೋಬರಿನಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಸತ್ತ ಇಬ್ಬರಿಗೆ ಮಾತ್ರ ಇನ್ನೂ ಉತ್ತರ ಸಿಕ್ಕಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೆಯ ಕಲಮಿನಂತೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರೇ ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದನ್ನು ವೀಡಿಯೊದಲ್ಲಿ ಹಿಡಿಯಬೇಕು. ಏರ್ಪಾಡು ಮಾಡಿಕೊಳ್ಳಲು ರಾಜ್ಯಗಳಿಗೆ ಐದು ವರ್ಷದ ಅವಧಿಯುಂಟು. ಈ ಕಾನೂನಿನ ಹಿನ್ನೆಲೆಯಲ್ಲಿ ‘ತಲ್ವಾರ್’ನ ಆರಂಭದ ದೃಶ್ಯಗಳನ್ನು ಮತ್ತೊಮ್ಮೆ ನೋಡಬಹುದು. ನೋಡುವವರು ಇನ್‌ಸ್ಪೆಕ್ಟರನ ಮುಖವನ್ನು ಬಿಟ್ಟು, ಹಿಂದೆ ಕೋಣೆಯೊಳಗೆ ಹೋಗಿ ಬರುತ್ತಿರುವವರನ್ನು ಎಣಿಸಿ ನೋಡಲಿ.