ನೆಲ ಬಿಡದ ವೇಗ

ಸ್ಪರ್ಧಾನಡಿಗೆಯನ್ನು ಮೊದಲ ಸಲ ಕಂಡವನು ನಗುತ್ತಾನೆ. ನಕ್ಕದ್ದಕ್ಕಾಗಿ ಅವನನ್ನು ಆಕ್ಷೇಪಿಸತಕ್ಕದ್ದೇನೂ ಇಲ್ಲ. ಅವಸರವುಳ್ಳವನು ಓಡಬೇಕು, ಇಲ್ಲದವನು ನಡೆಯಬೇಕು ಎಂಬ ಲೋಕರೂಢಿಯನ್ನು, ಸೊಂಟವನ್ನು ಬಳುಕಿಸುತ್ತ, ಮಡಿಸಿದ ಮೊಣಕೈಗಳನ್ನು ಬೀಸುತ್ತ, ಮೋರೆಯಲ್ಲಿ ಮಾತ್ರ ಶ್ರಾದ್ಧಕ್ಕೆ ಹೊರಟವನ ಗಾಂಭೀರ್ಯವನ್ನು ಹೊತ್ತು ನುಗ್ಗಿ ಬರುವ ಆ ವ್ಯಕ್ತಿ ಒಂದೇ ನೋಟಕ್ಕೆ ಮುರಿದುಬಿಡುತ್ತಾನೆ. 54 ವರ್ಷ ತುಂಬುವ ತನಕ ನಾನೂ ನಗುವವರ ಸಾಲಿನಲ್ಲಿಯೇ ನಿಂತಿದ್ದೆನು. ನಿತ್ಯ ಬೆಳಗ್ಗೆ ಏಳೆಂಟು ಕಿಲೋಮೀಟರು ಓಡುವವನೆಂಬ ಸಣ್ಣದೊಂದು ಗರ್ವ ನನಗಿದ್ದಿತು. ಒಂದೇ ವರ್ಷದಲ್ಲಿ ಮೂರನೆಯ ಸಲ ಮೀನಖಂಡ ಹಿಡಿದುಕೊಂಡು ಮನೆಗೆ ಬಂದ ದಿನ ಕಾಲಿನ ಜೊತೆಗೆ ಆ ಗರ್ವವೂ ಕುಂಟಿತು.

ರಸಿಕನಾಗಬಯಸುವವನು ಮೊದಲು ಅರಿಯಬೇಕಾದದ್ದು ಈ ಕಲೆಯ ಕಟ್ಟಳೆಗಳನ್ನು, ಅವು ಎರಡೇ. ಒಂದು ಪಾದವಾದರೂ ಸದಾ ನೆಲವನ್ನು ಸ್ಪರ್ಶಿಸಿರತಕ್ಕದ್ದು, ಎಂದರೆ ಸ್ಪರ್ಶ ತಪ್ಪಿದ್ದು ಮನುಷ್ಯನ ಬರಿಗಣ್ಣಿಗೆ ಕಾಣಬಾರದು, ಎಂಬುದು ಮೊದಲನೆಯದು. ಮುಂದಿಟ್ಟ ಕಾಲು ನೆಲಕ್ಕೆ ತಾಗಿದ ಕ್ಷಣದಿಂದ ಮೊದಲ್ಗೊಂಡು ದೇಹವು ಅದರ ಮೇಲೆ ನೇರವಾಗಿ ನಿಲ್ಲುವ ತನಕ ಆ ಕಾಲಿನ ಮಂಡಿ ಮಡಿಯದಿರತಕ್ಕದ್ದು ಎಂಬುದು ಎರಡನೆಯದು. ದಾರಿಯುದ್ದಕ್ಕೂ ನಿಂತ ತೀರ್ಪುಗಾರರು ಯಾವ ಯಂತ್ರದ ನೆರವೂ ಇಲ್ಲದೆ ಕಣ್ಣಿನಿಂದಲೇ ಇವನ್ನು ಪರೀಕ್ಷಿಸುತ್ತಾರೆ. ಸಂದೇಹ ಬಂದರೆ ಹಳದಿ ಫಲಕ ತೋರಿಸಿ ಎಚ್ಚರಿಸುವುದು. ಫಲಕದ ಮೇಲೆ ಅಲೆಯಂಥ ಗೆರೆಯಿದ್ದರೆ ಪಾದ ನೆಲ ಬಿಡುತ್ತಿದೆಯೆಂದೂ, ಕೋನದ ಗುರುತಿದ್ದರೆ ಮಂಡಿ ಮಡಿಯುತ್ತಿದೆಯೆಂದೂ ಅರ್ಥ. ತಪ್ಪು ನಿಶ್ಚಯವಾದರೆ ಕೆಂಪು ಕಾರ್ಡು. ಮೂವರು ಬೇರೆ ಬೇರೆ ತೀರ್ಪುಗಾರರಿಂದ ಮೂರು ಕಾರ್ಡು ಬಂದವೆಂದರೆ ಸ್ಪರ್ಧಿ ಹೊರಗೆ. ಈಚೆಗೆ ದೊಡ್ಡ ಕೂಟಗಳಲ್ಲಿ ಮೂರನೆಯದಕ್ಕೆ ದಂಡದ ಆವರಣದೊಳಗೆ ಕೆಲವು ನಿಮಿಷ ತಡೆದಿಟ್ಟು, ನಾಲ್ಕನೆಯದಕ್ಕೆ ಹೊರಗಟ್ಟುವ ಪದ್ಧತಿಯೂ ಬಂದಿದೆ.

ಈ ವಿಧಿಯ ನಿಷ್ಠುರತೆಯನ್ನು ತಿಳಿಯಬೇಕಾದರೆ 2000ನೆಯ ಇಸವಿಯ ಸಿಡ್ನಿ ಒಲಿಂಪಿಕ್ಸನ್ನು ನೆನೆಯಬೇಕು. ಪುರುಷರ 20 ಕಿಲೋಮೀಟರಿನಲ್ಲಿ ಮೊದಲಿಗನಾಗಿ ಗೆರೆ ಮುಟ್ಟಿದ ಮೆಕ್ಸಿಕೋದ ಬರ್ನಾರ್ಡೊ ಸೆಗುರಾ, ಸಂಭ್ರಮದ ನಡುವೆಯೇ ಅನರ್ಹನೆಂದು ತಿಳಿದುಕೊಳ್ಳಬೇಕಾಯಿತು. ಚಿನ್ನವು ಪೋಲೆಂಡಿನ ರಾಬರ್ಟ್ ಕೊರ್ಜೆನಿಯೋವ್‌ಸ್ಕಿಗೆ ಸಂದಿತು. ಮಹಿಳೆಯರ ಸ್ಪರ್ಧೆಯಲ್ಲಿ ತನ್ನ ನಾಡಿನ ಜನರೆದುರೇ ಮುಂದಿದ್ದ ಆಸ್ಟ್ರೇಲಿಯದ ಜೇನ್ ಸ್ಯಾವಿಲ್‌ಗೆ ಕ್ರೀಡಾಂಗಣವನ್ನು ಹೊಗುವ ಸುರಂಗದ ಬಳಿಯಲ್ಲಿ ಕೆಂಪು ಫಲಕ ಎದುರಾಯಿತು. ಓಟದಲ್ಲಿ ಸೋಲೆಂದರೆ ಹಿಂದೆ ಬೀಳುವುದು. ಇಲ್ಲಿ ಮುಂದಿದ್ದೂ ಸೋಲುವುದುಂಟು. ಭಾಮಿನೀ ಷಟ್ಪದಿಯ ಮೂರು-ನಾಲ್ಕು ಮಾತ್ರೆಗಳ ಗಣಕ್ರಮವನ್ನು ಬಲ್ಲ ಕೇಳುಗನು, ಕಥೆ ಎಷ್ಟೇ ಭರದಿಂದ ಸಾಗುತ್ತಿದ್ದರೂ ಒಂದು ಮಾತ್ರೆ ಹೆಚ್ಚಾದಲ್ಲಿ ಕಿವಿ ನಿಮಿರಿಸುವಂತೆ, ಈ ನಡಿಗೆಯ ನೋಟಕನೂ ವೇಗದೊಳಗೆ ಲಕ್ಷಣವನ್ನು ಎಣಿಸುತ್ತಿರಬೇಕಾಗುತ್ತದೆ.

ನೋಡುವುದಾದರೂ ಹೇಗೆ? ಮೇಲಿನ ಮೆಟ್ಟಿಲುಗಳ ಮೇಲೆ ಕುಳಿತರೆ ಏನೂ ದಕ್ಕದು. ಹಾದಿಯ ಮಗ್ಗುಲಿಗೆ ಬಂದು, ಸ್ಪರ್ಧಿಗಳು ಎಡದಿಂದ ಬಲಕ್ಕೆ ಅಡ್ಡಲಾಗಿ ಹಾಯುವ ಜಾಗದಲ್ಲಿ ನಿಂತು, ಹೊಸಬನು ಮೊದಲ ಎರಡು ಸುತ್ತು ಮಂಡಿಯನ್ನಲ್ಲದೆ ಬೇರೇನನ್ನೂ ನೋಡಬಾರದು. ಒಳ್ಳೆಯ ನಡಿಗೆಯಲ್ಲಿ ಹಿಮ್ಮಡಿ ಊರುವ ಗಳಿಗೆಗೆ ಕಾಲು ಕೋಲಿನಂತೆ ನೀಳವಾಗಿರುತ್ತದೆ, ಮುಂಗಾಲು ಮೇಲೆದ್ದಿರುತ್ತದೆ. ಬಳಿಕ ಅಂಗಾಲು ತೊಟ್ಟಿಲಿನಂತೆ ಹಿಂದಿನಿಂದ ಮುಂದಕ್ಕೆ ಉರುಳುತ್ತದೆ. ಆಮೇಲೆ ಕಣ್ಣನ್ನು ಸೊಂಟಕ್ಕೆ ಏರಿಸಬೇಕು. ನಗೆಗೆ ಕಾರಣವಾದ ಆ ಬಳುಕು ಶೃಂಗಾರವಲ್ಲ, ಗಣಿತ: ಕಟಿಯು ಮುಂದಕ್ಕೆ ತಿರುಗಿದಷ್ಟೂ ನೆಗೆಯದೆಯೇ ಹೆಜ್ಜೆ ನೀಳವಾಗುತ್ತದೆ, ಪಕ್ಕಕ್ಕೆ ಇಳಿದಷ್ಟೂ ನೀಳವಾದ ಕಾಲಿನ ಮೇಲೆ ದೇಹವು ಕುಪ್ಪಳಿಸದೆ ಸಾಗುತ್ತದೆ. ಆದುದರಿಂದಲೇ ನುರಿತವರ ಹೆಜ್ಜೆಗಳು ಹೆಚ್ಚುಕಡಮೆ ಒಂದೇ ಗೆರೆಯ ಮೇಲೆ ಬೀಳುವುವು, ತಲೆಯು ನೀರು ತುಂಬಿದ ಕೊಡ ಹೊತ್ತವಳ ತಲೆಯಂತೆ ಸಮವಾಗಿ ತೇಲುವುದು. ತಲೆ ಮೇಲೆ ಕೆಳಗೆ ಆಡತೊಡಗಿತೆಂದರೆ, ಭುಜಗಳು ಕಿವಿಯತ್ತ ಏರಿದವೆಂದರೆ, ಪಾದ ನೆಲವನ್ನು ಬಿಡತೊಡಗಿದೆಯೆಂದು ತಿಳಿಯತಕ್ಕದ್ದು. ಕಣ್ಣು ದಣಿದಾಗ ಕಿವಿಯನ್ನು ನಂಬಬಹುದು. ಓಟಗಾರರ ಗುಂಪು ಹಾದರೆ ನೆಲ ದಬದಬ ಎನ್ನುತ್ತದೆ, ನಡಿಗೆಯವರು ಹಾದರೆ ಯಾರೋ ಬೇಗಬೇಗನೆ ಅಕ್ಕಿ ಕೇರಿದಂತೆ ಸರಸರನೆ ಒಂದು ಸದ್ದು.

ಇನ್ನು ಮಾಗಿದ ವಯಸ್ಸಿನ ಹವ್ಯಾಸಿಗಳ ಪ್ರಶ್ನೆ: ಓಟವೋ, ನಡಿಗೆಯೋ? ಓಟವೆಂಬುದು ವಾಸ್ತವದಲ್ಲಿ ಒಂದು ಕಾಲಿನಿಂದ ಇನ್ನೊಂದಕ್ಕೆ ನೆಗೆಯುವ ನೆಗೆತಗಳ ಮಾಲೆ. ಪ್ರತಿ ಇಳಿತಕ್ಕೂ ದೇಹದ ತೂಕದ ಎರಡರಿಂದ ಮೂರು ಪಟ್ಟು ಹೊರೆ ಕಾಲಿನ ಮೇಲೆ ಬೀಳುತ್ತದೆ. 60 ಕಿಲೋ ತೂಗುವವನಿಗೆ ಅದು 120ರಿಂದ 180 ಕಿಲೋ. ಸಾಮಾನ್ಯ ನಡಿಗೆಯಲ್ಲಿ ಆ ಹೊರೆ ದೇಹದ ತೂಕಕ್ಕಿಂತ ಸ್ವಲ್ಪವೇ ಹೆಚ್ಚು. ಸ್ಪರ್ಧಾನಡಿಗೆ ಇವೆರಡರ ನಡುವೆ ನಿಲ್ಲುತ್ತದೆ. ಓಟಗಾರನ ನೆಗೆತಕ್ಕೆ ಚಿಮ್ಮು ಕೊಡುವುದು ಮೀನಖಂಡವೂ, ಅದನ್ನು ಹಿಮ್ಮಡಿಗೆ ಬಿಗಿದಿರುವ ಸ್ನಾಯುರಜ್ಜುವೂ. ವಯಸ್ಸು ಮುಟ್ಟುಗೋಲು ಹಾಕಿಕೊಳ್ಳುವುದು ಈ ಚಿಮ್ಮನ್ನೇ. ಅರುವತ್ತು ದಾಟಿದ ಓಟಗಾರನ ಹೆಜ್ಜೆಗಳ ಎಣಿಕೆ ಅಷ್ಟಾಗಿ ಕುಗ್ಗದಿದ್ದರೂ ಹೆಜ್ಜೆಯ ಉದ್ದ ಕುಗ್ಗುತ್ತ ಬರುವುದು ಈ ಕಾರಣದಿಂದ. ನಡಿಗೆಯ ಸ್ಪರ್ಧಿಯಾದರೋ ನೆಗೆತವೆಂಬ ಆಸ್ತಿಯನ್ನು ಮೊದಲ ದಿನವೇ ಕಟ್ಟಳೆಗೆ ಬರೆದುಕೊಟ್ಟವನು. ವಯಸ್ಸು ಬಂದು ಬಾಗಿಲು ತಟ್ಟಿದಾಗ ಜಪ್ತಿ ಮಾಡಲು ಆ ಕೋಣೆಯಲ್ಲಿ ಅಷ್ಟೇನೂ ಸಿಕ್ಕದು.

ಹಾಗೆಂದು ಓಟವನ್ನು ಹಳಿಯಲಾರೆ. ಓಡಿದರೆ ಮಂಡಿ ಸವೆದುಹೋಗುತ್ತದೆ ಎಂಬ ನೆರೆಮನೆಯ ವೈದ್ಯಶಾಸ್ತ್ರಕ್ಕೆ, ಹಿತಮಿತವಾಗಿ ಓಡುವ ಹವ್ಯಾಸಿಗಳ ಮಟ್ಟಿಗೆ ಆಧಾರವಿಲ್ಲ. ನಡಿಗೆ ಸುಲಭವೆಂಬುದೂ ಸುಳ್ಳು. ಗಂಟೆಗೆ ಸುಮಾರು 7 ಕಿಲೋಮೀಟರಿನ ವೇಗ ಮುಟ್ಟಿದೊಡನೆ ಮನುಷ್ಯದೇಹ ತಾನಾಗಿ ಓಟಕ್ಕೆ ಜಾರಬಯಸುತ್ತದೆ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಹತ್ತನೆಯವನಾಗಿ ಬಂದ ನಮ್ಮ ಕೆ. ಟಿ. ಇರ್ಫಾನ್ 20 ಕಿಲೋಮೀಟರನ್ನು 1 ಗಂಟೆ 20 ನಿಮಿಷ 21 ಸೆಕೆಂಡಿನಲ್ಲಿ ನಡೆದನೆಂದರೆ, ಆ ಸಹಜ ಬಯಕೆಯನ್ನು ಅದರ ಇಮ್ಮಡಿ ವೇಗದಲ್ಲಿ ಅಷ್ಟು ಹೊತ್ತು ಅದುಮಿ ಹಿಡಿದನೆಂದು ಅರ್ಥ. ಹೊಸಬನಿಗೆ ಮೊದಲ ವಾರಗಳಲ್ಲಿ ಕಣಕಾಲಿನ ಮುಂಭಾಗ ಬೆಂಕಿಯಂತೆ ಉರಿಯುತ್ತದೆ, ತೊಡೆಯ ಹಿಂಭಾಗ ಬಿಗಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸಂಧಿವಾತದಿಂದಲೋ ಹಳೆಯ ಪೆಟ್ಟಿನಿಂದಲೋ ಮಂಡಿ ಪೂರ್ತಿ ಚಾಚಲಾರದವನು ಮೆಲ್ಲನೆ ಓಡಬಹುದು. ಸ್ಪರ್ಧಾನಡಿಗೆ ಮಾತ್ರ ಅವನನ್ನು ಒಳಗೆ ಬಿಟ್ಟುಕೊಳ್ಳದು. ನಡಿಗೆ ಮುದುಕರ ಓಟ ಎನ್ನುವವರಿಗೆ ಈ ಒಂದು ಮಾತು ಸಾಕು.

ನನ್ನದೇ ನಿದರ್ಶನವುಂಟು. ಹಿರಿಯರ ಕ್ರೀಡಾಕೂಟಗಳಲ್ಲಿ 35ರಿಂದ ಮೇಲ್ಪಟ್ಟವರನ್ನು ಐದೈದು ವರ್ಷಗಳ ವರ್ಗಗಳಾಗಿ ವಿಂಗಡಿಸುವರಷ್ಟೆ. ನಾನು ಮೊದಲ ಸಲ 5,000 ಮೀಟರಿಗೆ, ಎಂದರೆ ಹನ್ನೆರಡೂವರೆ ಸುತ್ತಿಗೆ ಇಳಿದವನು, ಒಂಬತ್ತನೆಯ ಸುತ್ತಿನಲ್ಲಿ ಮೂರನೆಯ ಕಾರ್ಡು ಪಡೆದು ಹೊರಬಂದೆನು. ಮೂರೂ ಮಂಡಿಗೇ. ನೀರು ಕುಡಿಯುತ್ತ ನಿಂತಿದ್ದಾಗ ತೀರ್ಪುಗಾರ್ತಿಯೊಬ್ಬರು ಹತ್ತಿರ ಬಂದು, “ಬೇಜಾರು ಮಾಡ್ಕೋಬೇಡಿ ಸಾರ್, ನಿಮ್ಮದು ಓಟಗಾರರ ಮಂಡಿ. ಅದಕ್ಕೆ ಹಳೇದು ಇನ್ನೂ ಮರೆತಿಲ್ಲ,” ಎಂದರು. ಮರೆಸುವುದಕ್ಕೆ ನನಗೆ ಹದಿನಾಲ್ಕು ತಿಂಗಳು ಹಿಡಿಯಿತು.

ಹಿರಿಯರ ನಡಿಗೆಯನ್ನು ನೋಡಬಯಸುವ ರಸಿಕನು ಕಡೆಯ ಸುತ್ತನ್ನು ತಪ್ಪಿಸಿಕೊಳ್ಳಬಾರದು. ಅದೇ ಕೂಟದಲ್ಲಿ, ಎಪ್ಪತ್ತು ದಾಟಿದವರ ವರ್ಗದಲ್ಲಿ ಇಬ್ಬರು ಕೊನೆಯ ನೂರು ಮೀಟರಿಗೆ ಜೊತೆಯಾಗಿಯೇ ತಿರುಗಿದರು. ಆ ಗಳಿಗೆಯಲ್ಲಿ ಓಟಗಾರನಾಗಿದ್ದರೆ ಉಳಿದ ಕಸುವನ್ನೆಲ್ಲ ಸುರಿದುಬಿಡುತ್ತಿದ್ದನು. ಇವರಲ್ಲೊಬ್ಬರ ಭುಜ ತುಸು ಏರಿತು, ತಲೆ ಒಮ್ಮೆ ಕುಪ್ಪಳಿಸಿತು; ತಿರುವಿನಲ್ಲಿದ್ದ ತೀರ್ಪುಗಾರ್ತಿ ಬಗ್ಗಿ ನೋಡಿದರು. ಅದು ಆ ಸ್ಪರ್ಧಿಯ ಕಣ್ಣಿಗೂ ಬಿದ್ದಿರಬೇಕು. ಭುಜಗಳನ್ನು ಇಳಿಸಿ, ಉಸಿರನ್ನು ಬಿಟ್ಟು, ಹೆಜ್ಜೆಯನ್ನು ಬೆರಳಗಲ ಮೊಟಕು ಮಾಡಿ, ಪಕ್ಕದವರು ಒಂದು ಗಜ ಮುಂದಾಗುವುದನ್ನು ನೋಡುತ್ತ ನೋಡುತ್ತ, ನೆಲ ಬಿಡದೆ ಗೆರೆ ದಾಟಿದರು.