ಬಾಗಿಲ ಬಳಿ ಕಟ್ಟಿಸಿಕೊಂಡ ದಂಡ

ತಂಡದ ಮಾಲೀಕನಿಂದ ದಂಡ ವಸೂಲಿ ಮಾಡೋ ತಾಕತ್ತು ಲೀಗ್‌ಗಳಿಗಿದೆಯಾ? ಇದೆ ಅನ್ನೋರು ಡ್ಯಾನ್ ಸ್ನೈಡರ್ ಹೆಸರು ತೆಗೀತಾರೆ. 2023ರ ಜುಲೈ 20ರಂದು ಅಮೆರಿಕದ ಎನ್‌ಎಫ್‌ಎಲ್ (ಕಾಲಿಗಿಂತ ಕೈಗೇ ಹೆಚ್ಚು ಕೆಲಸ ಇರೋ ಫುಟ್‌ಬಾಲ್, ಇರಲಿ) ವಾಷಿಂಗ್ಟನ್ ಕಮಾಂಡರ್ಸ್ ತಂಡದ ಈ ಮಾಲೀಕನಿಗೆ 6 ಕೋಟಿ ಡಾಲರ್ ದಂಡ ಹಾಕಿತು. ಭಾರೀ ಮೊತ್ತವೇ. ಆದರೆ ನನಗೆ ಇದು ಲೀಗಿನ ಗೆಲುವು ಅನ್ನಿಸಲ್ಲ.

ದಿನಾಂಕ ನೋಡಿ. ತಂಡದ ಮಾರಾಟಕ್ಕೆ ಉಳಿದ ಮಾಲೀಕರು ಒಪ್ಪಿಗೆ ಕೊಟ್ಟಿದ್ದೂ ಅವತ್ತೇ. 32 ಮಾಲೀಕರಲ್ಲಿ 24 ಮಂದಿ ಹೂಂ ಅನ್ನದಿದ್ರೆ ಅಲ್ಲಿ ತಂಡ ಮಾರೋ ಹಾಗಿಲ್ಲ. 1999ರಲ್ಲಿ 80 ಕೋಟಿ ಡಾಲರ್‌ಗೆ ಕೊಂಡಿದ್ದು 605 ಕೋಟಿಗೆ ಹೋಗ್ತಿದೆ, ಒಪ್ಪಿಗೆಯೊಂದೇ ಬಾಕಿ. ಕೆಲಸ ಬಿಡುವಾಗ ಎಚ್‌ಆರ್‌ನವರು ಫುಲ್ ಅಂಡ್ ಫೈನಲ್‌ನಲ್ಲಿ ಲ್ಯಾಪ್‌ಟಾಪ್ ಚಾರ್ಜರ್ ದುಡ್ಡು ಹಿಡೀತಾರಲ್ಲ, ಹಾಗೆ. ಆ ಹೊತ್ತಲ್ಲಿ ಯಾರು ಜಗಳ ಆಡ್ತಾರೆ? ಹೋಗಿದ್ದು ನೂರಕ್ಕೆ ಒಂದು ಪಾಲು.

ಕುರ್ಚಿಯಲ್ಲಿ ಕೂತಿದ್ದಾಗ ಏನಾಗಿತ್ತು? ತಂಡದ ಕಚೇರಿಯಲ್ಲಿ ಹೆಣ್ಣುಮಕ್ಕಳಿಗೆ ಆಗ್ತಿದ್ದ ಕಿರುಕುಳದ ತನಿಖೆ 2021ರಲ್ಲಿ ಮುಗಿದಾಗ 1 ಕೋಟಿ ಡಾಲರ್ ದಂಡ ಬಿತ್ತು. ಬಿದ್ದಿದ್ದು ತಂಡದ ಮೇಲೆ. ಲಿಖಿತ ವರದಿಯೇ ಹೊರಬರಲಿಲ್ಲ. ಸ್ನೈಡರ್ ತಾನೇ ಒಬ್ಬ ಉದ್ಯೋಗಿಗೆ ಕಿರುಕುಳ ಕೊಟ್ಟಿದ್ದ, ತಂಡ ಲೀಗ್ ಜೊತೆ ಹಂಚಿಕೊಳ್ಳಬೇಕಿದ್ದ ಆದಾಯವನ್ನು ಮುಚ್ಚಿಟ್ಟಿತ್ತು ಅನ್ನೋ ಎರಡನೇ ತನಿಖೆಯ ವರದಿ ಬಂದಿದ್ದು, ಅದೇ, ಮಾರಾಟದ ದಿನ. ಕಮಿಷನರ್‌ಗೆ ಸಂಬಳ ಕೊಡೋದು ಈ ಮಾಲೀಕರೇ ಅನ್ನೋದನ್ನ ಮರೀಬೇಡಿ.

ಇಂಗ್ಲೆಂಡಿನ ಫಜೀತಿಯೇ ಬೇರೆ. ಅಲ್ಲಿ ಲೀಗ್ ಕೈಯಲ್ಲಿರೋ ದೊಡ್ಡ ಕೋಲು ಪಾಯಿಂಟ್ ಕಡಿತ, ಆ ಏಟು ಮಾಲೀಕನಿಗೆ ತಾಗೋದೇ ಇಲ್ಲ. ಡಾಯ್ ಯೋಂಗ್ಗೆ ಮಾಲೀಕನಾಗಿದ್ದ ರೆಡಿಂಗ್ ಕ್ಲಬ್, ಖರ್ಚಿನ ವಿಷಯದಲ್ಲಿ ಲೀಗಿಗೆ ಕೊಟ್ಟ ಮಾತು ತಪ್ಪಿದ್ದಕ್ಕೆ 2022-23ರಲ್ಲಿ 6 ಪಾಯಿಂಟ್ ಕಳ್ಕೊಂಡಿತು. 44 ಪಾಯಿಂಟ್‌ಗೆ ನಿಂತು ಮೂರನೇ ಹಂತಕ್ಕೆ ಇಳಿಯಿತು. ಆ 6 ಇದ್ದಿದ್ರೆ 49 ಪಾಯಿಂಟ್‌ನ ಕಾರ್ಡಿಫ್‌ಗಿಂತ ಮೇಲಿದ್ದು ಉಳ್ಕೊಳ್ತಿತ್ತು. ತಪ್ಪು ಮಾಲೀಕನದು, ದಂಡ ಕಟ್ಟಿದ್ದು ಸೀಸನ್ ಟಿಕೆಟ್ ಕೊಂಡವರು. 2024ರ ಜನವರಿಯಲ್ಲಿ ಅವರು ತಡೀಲಾರದೆ ಪೋರ್ಟ್ ವೇಲ್ ವಿರುದ್ಧದ ಪಂದ್ಯದ ನಡುವೆ ಮೈದಾನಕ್ಕೇ ಇಳಿದು ಆಟ ನಿಲ್ಲಿಸಿಬಿಟ್ಟರು. ಲೀಗ್ ಡಾಯ್‌ನನ್ನ ಅನರ್ಹಗೊಳಿಸಿದ್ದು 2025ರಲ್ಲಿ. ಆ ವರ್ಷ ಮೇನಲ್ಲಿ ಕ್ಲಬ್ ಮಾರಾಟವಾದಾಗಲೂ ತಂಡ ಮೂರನೇ ಹಂತದಲ್ಲೇ ಇತ್ತು.